ಎರಡನೆಯ ಬ್ರೇಕ್

ಡ್ರೈವಿಂಗ್ ಕಲಿಸುವ ಕಾರಿಗೆ ಎರಡು ಬ್ರೇಕ್: ಒಂದು ಕಲಿಯುವವರ ಕಾಲಿಗೆ, ಇನ್ನೊಂದು ಪಕ್ಕದಲ್ಲಿ ಕೂರುವ ಮಾಸ್ಟರ ಕಾಲಿಗೆ. ಇಪ್ಪತ್ತೆರಡು ವರ್ಷ ಆ ಎರಡನೆಯದನ್ನೇ ನಂಬಿ ಹೊಟ್ಟೆ ಹೊರೆದ ಮಾಸ್ಟರನಿಗೆ ಈಗ ತಲೆಯೆತ್ತಿ ತಿರುಗುವುದೇ ಕಷ್ಟವಾಗಿತ್ತು. ಒಡಹುಟ್ಟಿದ ಅಕ್ಕನೇ ಎರಡು ಸಲ ಪರೀಕ್ಷೆಯಲ್ಲಿ ಫೇಲಾಗಿದ್ದಳು. ಕಾರಿನಲ್ಲಿ ಮನೆಮನೆಗೆ ಔಷಧಿ ತಲುಪಿಸುವ ಕೆಲಸವನ್ನು ಅಂಗಡಿಯವರು ಅವಳಿಗಾಗಿ ಈ ವಾರದವರೆಗೆ ಮಾತ್ರ ಕಾದಿರಿಸಿದ್ದರು. ಪರೀಕ್ಷೆ ನಾಳೆ.

"ನೀನು ಪಕ್ಕದಲ್ಲಿದ್ರೆ ನೀರು ಕುಡಿದ ಹಾಗೆ ಓಡಿಸ್ತೀನಲ್ಲೋ," ಎಂದಳು ಅಕ್ಕ, ಖಾಲಿ ಮೈದಾನದಲ್ಲಿ ಪ್ಲಾಸ್ಟಿಕ್ ಡ್ರಮ್ಮುಗಳನ್ನು ಸುತ್ತುತ್ತಾ. "ಅಲ್ಲಿ ಹೋದ್ರೆ ಕೈಕಾಲು ನಂದಲ್ಲ ಅನ್ಸುತ್ತೆ."

ಹಿಂದಿನ ಸೀಟಿನಲ್ಲಿ ಅವಳ ಮಗಳಿದ್ದಳು. ಮೆದುಳು ಹೇಗೆ ಕಲಿಯುತ್ತದೆ ಎಂದು ಪ್ರಯೋಗಾಲಯದಲ್ಲಿ ಇಲಿಗಳನ್ನಿಟ್ಟುಕೊಂಡು ನೋಡುವುದು ಅವಳ ಕೆಲಸ.

"ಮಾಮ, ಬೇಜಾರು ಮಾಡ್ಕೋಬೇಡಿ. ಡ್ರಮ್ ಹತ್ರ ಬಂದಾಗೆಲ್ಲ ನಿಮ್ಮ ಕಾಲೇ ಮೊದಲು ಬ್ರೇಕ್ ಒತ್ತುತ್ತೆ."

"ಮತ್ತೆ ನಾನಿರೋದು ಯಾತಕ್ಕೆ?"

"ಕಾರು ನಿಂತಿದ್ದು ತನ್ನಿಂದಲೇ ಅಂತ ಅಮ್ಮನ ಮೆದುಳು ಅಂದ್ಕೊಂಡಿದೆ. ಅದು ಎಣಿಸಿದ್ದೊಂದು, ಆಗಿದ್ದೊಂದು ಆದ್ರೆ ತಾನೇ ತನ್ನನ್ನ ತಿದ್ಕೊಳ್ಳೋದು? ನೀವು ತಪ್ಪು ಮಾಡೋಕೇ ಬಿಟ್ಟಿಲ್ಲ."

"ಇಲಿ ಮೇಯಿಸೋಳು ನನಗೆ ಪಾಠ ಹೇಳ್ತಾಳೆ ನೋಡು!" ಎಂದು ರೇಗಿದ. ಆದರೂ ಎರಡೂ ಕಾಲನ್ನು ಮೇಲೆತ್ತಿ, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ.

ಡ್ರಮ್ಮು ಹತ್ತಿರವಾಯಿತು.

"ಅಯ್ಯೋ, ಒತ್ತೋ!"

"ನೀನೇ ಒತ್ತಕ್ಕ."

ಧಡ್! ಡ್ರಮ್ಮು ಉರುಳಿಕೊಂಡು ಹೋಯಿತು. ಎರಡನೆಯ ಸಲವೂ ಉರುಳಿತು. ಕಾಲು ಇಳಿಯದಂತೆ ಮಾಸ್ಟರ್ ಮೊಣಕಾಲನ್ನು ಕೈಯಿಂದ ಅದುಮಿ ಹಿಡಿದಿದ್ದ. ಮೂರನೆಯ ಸಲ ಬರೀ ತಾಗಿತು. ನಾಲ್ಕನೆಯ ಸಲ ಡ್ರಮ್ಮಿಗೆ ಗೇಣಿರುವಾಗ ಕಾರು ನಿಂತಿತು.

ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಜನಕ್ಕೆ "ಭೇಷ್" ಅಂದಿದ್ದೆ ಎಂದು ಅವನು ಯೋಚಿಸಿದ. ಅದರಲ್ಲಿ ಎಷ್ಟು ಭೇಷ್ ತನ್ನ ಕಾಲಿಗೇ ಸಲ್ಲಬೇಕಿತ್ತೋ.

ಮರುದಿನ ಪರೀಕ್ಷೆಯ ಕಾರಿನಿಂದ ಅಕ್ಕ ಇಳಿದಾಗ ಅವಳ ಮುಖದಲ್ಲಿ ನಗುವಿರಲಿಲ್ಲ.

"ನಡುರಸ್ತೇಲಿ ಇಂಜಿನ್ ಆಫ್ ಆಗೋಯ್ತು ಕಣೋ."

"ಆಮೇಲೆ?"

"ಆಮೇಲೇನು, ಪಕ್ಕಕ್ಕೆ ನೋಡ್ದೆ. ನೀನಿರಲಿಲ್ಲ. ನಾನೇ ಮತ್ತೆ ಸ್ಟಾರ್ಟ್ ಮಾಡ್ದೆ." ಪಾಸಾದ ಚೀಟಿಯನ್ನು ಅವನ ಕೈಗೆ ತುರುಕಿದಳು. "ಹಿಡ್ಕೋ ಇದನ್ನ. ಗಂಟಲು ಒಣಗಿಹೋಗಿದೆ, ಮೊದಲು ನೀರು ಕುಡಿದು ಬರ್ತೀನಿ."