ಕೋರಿನ ಹೊಲದ ಬೇವು

ಕೋರಿಗೆ ಹೊಲ ಹಿಡಿದವರು ಆ ಹೊಲದಲ್ಲಿ ಗಿಡ ಹಚ್ಚಬಾರದು. ನಮ್ಮ ಹಿರೇಹಡಗಲಿ ಕಡೆ ಕೂಸಿಗೂ ಗೊತ್ತಿರುವ ಮಾತು ಇದು. ಜೋಳ ಬಿತ್ತು, ಶೇಂಗಾ ಬಿತ್ತು, ಬೆಳೆದದ್ದರಲ್ಲಿ ಅರ್ಧ ಹೊಲದವರಿಗೆ ಕೊಟ್ಟು ಇನ್ನರ್ಧ ಹೊತ್ತುಕೊಂಡು ಹೋಗು, ಯಾರೂ ಬೇಡ ಅನ್ನುವುದಿಲ್ಲ. ಗಿಡ ಹಚ್ಚಿದೆಯೋ, ಇವಳು ಇಲ್ಲಿಂದ ಏಳುವ ಪೈಕಿ ಅಲ್ಲ ಅಂತ ಅನುಮಾನ ಬಂದೇ ಬರುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ನಾನು ಹಚ್ಚಿದೆ. ನನ್ನ ಬುದ್ಧಿಗೆ ಅವತ್ತು ಏನು ಮಂಕು ಬಡಿದಿತ್ತೋ.

ಹೊಲ ಗುರುಮೂರ್ತಿ ಮೇಷ್ಟ್ರದು, ನಾಲ್ಕು ಎಕರೆ. ಅವರಿಗೆ ಹಗರಿಬೊಮ್ಮನಹಳ್ಳಿಯಲ್ಲಿ ಶಾಲೆ, ಸಂಬಳ. ಹೊಲದ ಕಡೆ ಬರುವುದು ವರ್ಷಕ್ಕೆ ಎರಡೋ ಮೂರೋ ಸಲ. ಮಾರುವುದೂ ಇಲ್ಲ, ತಾವು ಮಾಡುವುದೂ ಇಲ್ಲ. ನಮ್ಮ ಕೈಗೆ ಬಂದಾಗ ಅದು ಹೊಲವೇ ಅಲ್ಲ, ಬರೀ ಕಲ್ಲು. ನಾನು, ನನ್ನ ಗಂಡ ಉಚ್ಚಂಗೆಪ್ಪ ಇಬ್ಬರೂ ಒಂದು ಬೇಸಿಗೆ ಪೂರ್ತಿ ಕಲ್ಲು ಆರಿಸಿ, ಅದೇ ಕಲ್ಲಿನಿಂದ ಇಳಿಜಾರಿಗೆ ಒಡ್ಡು ಹಾಕಿದೆವು. ಎರಡನೇ ವರ್ಷ ಕೆರೆಯ ಹೂಳು ಮಣ್ಣು, ಅದೇ ಗೋಡು, ತಂದು ಹೊಡೆದೆವು. ಕುರಿಯವರಿಗೆ ಕಾಳು ಕೊಟ್ಟು ಗೊಬ್ಬರಕ್ಕೆಂದು ವಾರಗಟ್ಟಲೆ ಹಿಂಡು ನಿಲ್ಲಿಸಿದೆವು. ಮೊದಲ ವರ್ಷ ಹತ್ತು ಚೀಲ ಶೇಂಗಾ ಕೊಟ್ಟಿದ್ದ ಹೊಲ ಮೂರನೇ ವರ್ಷಕ್ಕೆ ಇಪ್ಪತ್ತಾರು ಚೀಲ ಕೊಟ್ಟಿತು.

“ಮಂದಿ ಕೂಸಿಗೆ ಎಷ್ಟಂತ ಎಣ್ಣಿ ತಿಕ್ಕತೀಲೇ?” ಅಂತ ಗಂಡ ನಗುತ್ತಿದ್ದ.

“ನನ್ನ ಮಡಿಲಾಗ ಇರೋತನಕ ನನ್ನ ಕೂಸ,” ಅನ್ನುತ್ತಿದ್ದೆ.

ಆ ಹೊಲದಲ್ಲಿ ಬುತ್ತಿ ಬಿಚ್ಚಿ ಕೂರಲು ಅಂಗೈಯಗಲ ನೆರಳಿರಲಿಲ್ಲ. ಮೂರನೇ ಮಳೆಗಾಲದಲ್ಲಿ ಒಡ್ಡಿನ ಮೂಲೆಗೆ ಗೇಣುದ್ದದ ಬೇವಿನ ಸಸಿ ನೆಟ್ಟೆ. ಕುಡಿದು ಉಳಿದ ನೀರು ದಿನಾ ಅದಕ್ಕೆ. ನಿಜ ಹೇಳಿಬಿಡುತ್ತೇನೆ, ನೆರಳಿಗೆಂದೇ ಹಚ್ಚಿದ್ದಲ್ಲ. ಬೇವು ನೆರಳು ಕೊಡಲು ಏಳೆಂಟು ವರ್ಷ ಬೇಕು. ಅಷ್ಟು ವರ್ಷ ಆ ಹೊಲದಲ್ಲೇ ಇರಬೇಕು ಅನ್ನುವ ಆಸೆ ನನಗಿತ್ತು.

ಶೇಂಗಾ ಹಂಚಿಕೊಳ್ಳಲು ಬಂದ ಮೇಷ್ಟ್ರು ಸಸಿ ನೋಡಿದರು. ಮುಖ ಸಣ್ಣದಾಯಿತು. ಅವರ ಅಜ್ಜನ ಎಂಟು ಎಕರೆ ಹೀಗೆಯೇ ಹೋಗಿತ್ತಂತೆ. ಉಳುವವನಿಗೇ ಹೊಲ ಅಂತ ಕಾನೂನು ಬಂದ ಕಾಲಕ್ಕೆ, ಕೋರಿನವನು ಅಧಿಕಾರಿಗಳನ್ನು ಕರೆತಂದು, “ಈ ಹುಣಸಿ ಗಿಡ ಹಚ್ಚಿದಾವ ನಾನು, ಎಷ್ಟು ವರ್ಷದ್ದು ನೀವೇ ನೋಡ್ರಿ,” ಅಂದಿದ್ದನಂತೆ. ಆ ಕಥೆ ಹೇಳಿ ಮೇಷ್ಟ್ರು ಹೋದರು. ಯುಗಾದಿಗೆ ಹೊಲ ನಮ್ಮಿಂದ ಬಿಡಿಸಿ ನಮ್ಮೂರ ಹುಲುಗೇಶನಿಗೆ ಕೋರಿಗೆ ಕೊಟ್ಟರು.

ಹುಲುಗೇಶ ಕೆಟ್ಟವನಲ್ಲ. ಆರು ಕಡೆ ಹೊಲ ಹಿಡಿದಿದ್ದಾನೆ, ಟ್ರ್ಯಾಕ್ಟರ್ ಇದೆ, ಬಿತ್ತಿ ಹೋದರೆ ಮತ್ತೆ ಬರುವುದು ಕೊಯ್ಲಿಗೆ. ನಾಳೆ ಕೈ ಬಿಡುವ ಹೊಲಕ್ಕೆ ಅವನಾದರೂ ಯಾಕೆ ಗೋಡು ಹೊಡೆಯಬೇಕು? ನಾನು ಕೂಲಿಗೆ ಹೋಗುವ ದಾರಿ ಆ ಹೊಲದ ಪಕ್ಕದಲ್ಲೇ. ಒಡ್ಡು ಎರಡು ಕಡೆ ಜಾರಿತ್ತು. ಮಳೆ ಬಂದಾಗೆಲ್ಲ ನಾವು ಹೊತ್ತು ಹಾಕಿದ ಗೋಡು ಹಳ್ಳಕ್ಕೆ ಹೋಗುತ್ತಿತ್ತು. ನೋಡುವುದೇ ಬೇಡ ಅಂದುಕೊಂಡರೆ ಈ ಹಾಳು ಕುತ್ತಿಗೆ ಅತ್ತಲೇ ಹೊರಳುತ್ತಿತ್ತು. ಬೇವು ಮಾತ್ರ ಸೊಂಟದೆತ್ತರ ಆಗಿತ್ತು.

ಶೀಗಿ ಹುಣ್ಣಿಮೆ ಬಂತು. ಪೈರು ಹೊತ್ತ ಭೂಮಿತಾಯಿ ಬಸುರಿ ಅಂತ ಬಯಕೆ ಊಟ ಒಯ್ದು, ಅದನ್ನೇ ಹೊಲದ ತುಂಬ ಚರಗ ಅಂತ ಚೆಲ್ಲುವ ದಿನ. ಹೊಲವೇ ಇಲ್ಲದವಳಿಗೆ ಎಂಥ ಚರಗ? ಆದರೂ ನಸುಕಿಗೇ ಎದ್ದು ಕಡುಬು, ಸಜ್ಜೆ ರೊಟ್ಟಿ, ಪುಂಡಿಪಲ್ಯ ಮಾಡಿ ಬುಟ್ಟಿ ತುಂಬಿದೆ.

“ಯಾರ ಹೊಲಕ್ಕ ಹೊಂಟೀ?” ಗಂಡ ಕೇಳಿದ.

“ಹಸದ ಬಸುರಿ ಯಾರ ಹೊಲದಾಗ ಇದ್ರ ಏನು?” ಅಂದು ಹೊರಟೇಬಿಟ್ಟೆ.

ಸುತ್ತಲ ಹೊಲಗಳಲ್ಲೆಲ್ಲ ಜನ, ಕೂಗು, ನಗು. ಮೇಷ್ಟ್ರ ಹೊಲದಲ್ಲಿ ಮಾತ್ರ ಯಾರೂ ಇಲ್ಲ. ಮೆಕ್ಕೆಜೋಳದ ಸಾಲಿಗಿಳಿದು ಚರಗ ಚೆಲ್ಲುತ್ತಾ ಒಡ್ಡಿನ ತನಕ ಬಂದರೆ ಅಲ್ಲಿ ಮೇಷ್ಟ್ರು ನಿಂತಿದ್ದಾರೆ!

“ಅಂಜಿನಕ್ಕ, ನಿನಗೇನು ಕೆಲಸ ಇಲ್ಲಿ?”

“ಹುಲುಗೇಶ ಬಂದಿಲ್ಲರೀ. ಹಬ್ಬದ ದಿನ ಹೊಲ ಉಪವಾಸ ಇರಬಾರದು.”

ಅವರು ಒಂದು ತೆನೆ ಮುರಿದು ಸಿಪ್ಪೆ ಸುಲಿದರು. ಅರ್ಧ ತೆನೆಯಲ್ಲಿ ಕಾಳೇ ಕಟ್ಟಿರಲಿಲ್ಲ. “ನೀನು ಮಾಡುವಾಗ ಹಿಂಗಿರಲಿಲ್ಲ,” ಅಂದರು.

“ಬಿಡಿಸಿದಾವ್ರು ನೀವೇ ಅಲ್ರೀ?” ನನ್ನ ಬಾಯಿ ತಡೆಯಲಿಲ್ಲ. “ಹತ್ತು ವರ್ಷಕ್ಕ ಅಂತ ಬರ್ಕೊಡ್ರಿ ಮೇಷ್ಟ್ರೆ, ಬಂಗಾರ ಬೆಳದು ತೋರಸ್ತೀನಿ. ಪಹಣಿ ನಿಮ್ಮ ಹೆಸರಿಗೇ ಇರ್ಲಿ. ನನಗ ಹೊಲ ಮಾಡಾಕ ಬಿಟ್ರ ಸಾಕು.”

“ನಮ್ಮಜ್ಜ ಹಂಗ ಬಿಟ್ಟೇ ಕೆಟ್ಟ.” ತೆನೆಯನ್ನು ಒಡ್ಡಿನ ಮೇಲೆ ಎಸೆದರು. “ಯುಗಾದಿಗೆ ಹೊಲ ನಿನಗ ಕೊಡ್ತೀನಿ. ಒಂದು ವರ್ಷಕ್ಕ. ಆಮ್ಯಾಲೆ ನೋಡೋಣು. ಆದ್ರ ಅದನ್ನ ಕಿತ್ತು ಹಾಕು.” ಬೇವಿನ ಕಡೆ ಕೈ ತೋರಿಸಿದರು.

“ಇಷ್ಟು ದಿನದಾಗ ನೀವೇ ಕೀಳಬಹುದಿತ್ತಲ್ರೀ.”

“ಊರಮ್ಮನ ಗಿಡ ಅದು. ನಾನು ಮುಟ್ಟಂಗಿಲ್ಲ. ಹಚ್ಚಿದಾಕಿ ನೀನು, ನೀನೇ ಕೀಳು.”

ಅಯ್ಯೋ ಶಿವನೇ, ತಾನು ಮುಟ್ಟಿದರೆ ಅಮ್ಮನ ಶಾಪ, ನಾನು ಕಿತ್ತರೆ ಏನೂ ಇಲ್ಲ! ಬುಟ್ಟಿ ಮುಖಕ್ಕೆ ಎಸೆದು ಹೋಗೋಣ ಅನ್ನಿಸಿತು. ಆದರೆ ಕಾಲ ಕೆಳಗೆ ಮಣ್ಣು ಮೆತ್ತಗಿತ್ತು. ಆ ಮಣ್ಣು ನನಗೆ ಬೇಕಿತ್ತು. ಒಂದೇ ವರ್ಷಕ್ಕಾದರೂ ಬೇಕಿತ್ತು.

ಉಳಿದ ಒಂದು ಕಡುಬನ್ನು ಬೇವಿನ ಬುಡಕ್ಕೆ ಇಟ್ಟೆ. ಕೈ ಮುಗಿದೆ. ಎರಡೂ ಕೈಯಲ್ಲಿ ಹಿಡಿದು ಎಳೆದೆ. ಎರಡು ಸಲಕ್ಕೆ ಬರಲಿಲ್ಲ. ಮೂರನೇ ಸಲ ನೆಲದೊಳಗೆ ಲಟ್ಟೆಂದು ಮುರಿಯಿತು. ಗಿಡ ಹಿಡಿದು ನಿಂತೆ. ಬೇರೆ ಕಡೆ ಹಚ್ಚೋಣ ಅಂದರೆ ಎಲ್ಲಿ? ನಮ್ಮದು ಕಾಲೋನಿ ಮನೆ, ಗೋಡೆಗೆ ಗೋಡೆ, ಬಾಗಿಲ ಮುಂದೆ ಸಿಮೆಂಟು ರಸ್ತೆ. ಗಿಡವನ್ನು ಒಡ್ಡಿನ ಮೇಲೆ ಮಲಗಿಸಿದೆ. ಅಷ್ಟು ಗಟ್ಟಿ ಬಾಯಿಯವಳು ನಾನು, ಮೇಷ್ಟ್ರ ಎದುರೇ ಅತ್ತುಬಿಟ್ಟೆ.

ಅವರು ಸಮಾಧಾನದಿಂದ ಹೋದರು. ಪಾಪ, ಓದಿದವರು, ಮುರಿದ ಜಾಗ ಬಗ್ಗಿ ನೋಡಲಿಲ್ಲ. ಬೇರು ಅರ್ಧ ನೆಲದಲ್ಲೇ ಉಳಿದಿದೆ, ಬೇವಿನ ಬೇರು ಉಳಿದರೆ ಮತ್ತೆ ಚಿಗುರುತ್ತದೆ.

ಈಗ ದಿನಾ ಕೂಲಿಯಿಂದ ಬರುವಾಗ ಒಡ್ಡಿನ ಮೂಲೆಗೆ ಬಗ್ಗಿ ನೋಡುತ್ತೇನೆ. ಚಿಗುರಿದರೆ ಯುಗಾದಿಗೆ ಬರುವ ಹೊಲ ಹೋಗುತ್ತದೆ ಅಂತ ಗೊತ್ತು. ಗೊತ್ತಿದ್ದೂ ಕೊಡದಲ್ಲಿ ಉಳಿದ ನೀರನ್ನು ಅಲ್ಲೇ ಹೊಯ್ದು ಬರುತ್ತೇನೆ.