ಮೇಲಿನ ಕುಳಿ

"ಗ್ವಾಡಿ ನೆಕ್ಕೂ ಆಕಳ ಮನೀ ನುಂಗೂತನಕ ಬಿಡಂಗಿಲ್ಲ. ಹೊಡಕೊಂಡ ಹೋಗು ಸಾಬಣ್ಣ," ಎಂದು ಗುರುಸಿದ್ದವ್ವ ಗೂಟದಿಂದ ಹಗ್ಗ ಬಿಚ್ಚಿ ಹಸನಸಾಬನ ಕೈಗಿಟ್ಟಳು.

ತಿಕೋಟಾದ ದನದ ದಲಾಲ ಹಸನಸಾಬ ಹಗ್ಗ ಹಿಡಿದನೇ ಹೊರತು ಹೊರಡಲಿಲ್ಲ. ಕೆಂದಾಕಳು ಗಬ್ಬವಾಗಿ ಏಳು ತಿಂಗಳು. ತಲಬಾಗಿಲ ಒಳಗೆ ದನ ಕಟ್ಟುವಲ್ಲಿ ನಿಂತು, ಮುಂದಿದ್ದ ಕಣಿಕೆ ಮೇವನ್ನು ಮೂಸಿಯೂ ನೋಡದೆ, ಮಣ್ಣಿನ ಗೋಡೆಯನ್ನು ಒಂದೇ ಸಮನೆ ನೆಕ್ಕುತ್ತಿತ್ತು.

ನಡುಮನೆಯ ಹೊಸ್ತಿಲಲ್ಲಿ ಸೊಸೆ ಲಕ್ಕವ್ವ ನಿಂತಲ್ಲಿ ನಿಲ್ಲಲಾರದೆ ಸೆರಗನ್ನು ಬಿಗಿಯುತ್ತಿದ್ದಳು, ಬಿಡುತ್ತಿದ್ದಳು. ಮದುವೆಯಲ್ಲಿ ಹೊನವಾಡದ ತವರಿನಿಂದ ಅವಳ ಹಿಂದೆ ಕರುವಾಗಿ ನಡೆದು ಬಂದ ಆಕಳು ಅದು. ಅವಳಿಗೂ ಈಗ ಐದು ತಿಂಗಳು.

ಗೋಡೆಯಲ್ಲಿ ಎರಡು ಕುಳಿಗಳಿದ್ದವು. ಕೆಳಗಿನದು ಆಕಳಿನದು. ಜೋಳ ತುಂಬಿಡುವ ಗುಮ್ಮಿಯ ಪಕ್ಕದಲ್ಲಿ, ಆಳೆತ್ತರಕ್ಕಿದ್ದ ಸಣ್ಣದು ಲಕ್ಕವ್ವನದು. ಬೆಳಿಗ್ಗೆ ನೀರು ಚಿಮುಕಿಸಿದಾಗ ಏಳುವ ಮಣ್ಣಿನ ವಾಸನೆಗೆ ಅವಳ ಬಾಯಲ್ಲಿ ನೀರೂರುತ್ತಿತ್ತು. ಬೆರಳು ತಾನಾಗಿಯೇ ಅತ್ತ ಹೋಗುತ್ತಿತ್ತು. ಅತ್ತೆ ಎರಡೂ ಆಕಳಿನ ಕೆಲಸವೆಂದೇ ತಿಳಿದಿದ್ದಳು.

"ಯವ್ವಾ, ಇದಕ್ಕ ಹಿಂಡಿ ಹಾಕಿ ಎಷ್ಟ ದಿನಾ ಆತು?" ಹಸನಸಾಬ ಕೇಳಿದ.

"ಲಡಾಯಿ ಸುರುವಾದಾಗಿಂದ ಹಿಂಡಿ ಮಾರಿ ಯಾರ ನೋಡ್ಯಾರ? ಮನಷ್ಯಾರಿಗೇ ಇಲ್ಲ, ಇದಕ್ಕೇನ ಹೋಳಗಿ ಮಾಡಿ ಹಾಕ್ಲ್ಯಾ?"

"ಹೋಳಗಿ ಬ್ಯಾಡವಾ. ಒಂದ ಹಿಡಿ ಉಪ್ಪ ತಾ."

ಉಪ್ಪು ಬಂತು. ಆಕಳು ಗೋಡೆ ಬಿಟ್ಟು ಅವನ ಅಂಗೈ ನೆಕ್ಕಿತು, ಬೆರಳ ಸಂದಿ ನೆಕ್ಕಿತು, ಆಮೇಲೆ ಕಣಿಕೆಯ ಒಂದು ಎಳೆ ಕಚ್ಚಿತು.

"ನೋಡು. ಹೊಟ್ಯಾಗ ಕರಾ ಐತಿ. ಮೈಗೆ ಬೇಕಾದ್ದನ್ನ ನಾಲಗಿ ಹುಡಕತೈತಿ, ಅಷ್ಟ. ನಿನ್ನ ಮನಿ ತಗೊಂಡ ಅದೇನ ಮಾಡತೈತಿ?"

ಗುರುಸಿದ್ದವ್ವ ಒಂದು ಕ್ಷಣ ಅನುಮಾನಿಸಿದಳು. ಆಮೇಲೆ ಮೇಲಿನ ಕುಳಿಗೆ ಬೆರಳು ಮಾಡಿದಳು. "ಹಂಗಾರ ಅದು? ಕಟ್ಟಿದ ದನಾ ಅಷ್ಟ ಎತ್ತರ ಮುಟ್ಟತೈತೇನ? ಇದರ ಮೈಯಾಗ ಏನೋ ಹೊಕ್ಕೈತಿ. ಬಸುರಿ ಇರೂ ಮನಿ ಇದು. ಒಯ್ಯಿ."

ಹಸನಸಾಬ ಆ ಕುಳಿಯಲ್ಲಿ ಬೆರಳಾಡಿಸಿ ನೋಡಿದ. ಉಗುರಿನ ಗೀರುಗಳು. ಏನೋ ಹೇಳಹೋಗಿ ಕೆಮ್ಮಿದ, ಹಗ್ಗ ಜಗ್ಗಿದ. ಆಕಳಿನ ಮುಂಗಾಲು ತಲಬಾಗಿಲ ಹೊಸ್ತಿಲಿಗೆ ಬಂತು.

"ಅತ್ತೀ, ಅದು ನಂದರಿ."

"ಏನ ನಿಂದು?"

"ಮ್ಯಾಲಿನ ತಗ್ಗ. ನಾ ತಿಂದೀನ್ರಿ." ಲಕ್ಕವ್ವ ಕೈ ಚಾಚಿದಳು. ತೋರುಬೆರಳ ಉಗುರಿನೊಳಗೆ ಗೋಡೆಯ ಬಿಳಿ ಮಣ್ಣಿತ್ತು.

"ಅಯ್ಯ ನನ್ನ ಸವತಿ! ಬುಟ್ಟಿ ತುಂಬ ರೊಟ್ಟಿ ಬಡದ ಇಟ್ಟೀನಿ, ನಿನಗ ಗ್ವಾಡಿ ರುಚಿ ಹತ್ತೇತೇನ?"

"ರೊಟ್ಟಿ ಕಂಡ್ರ ವಾಂತಿ ಬರತಾವ್ರಿ. ಎಷ್ಟ ತಡದ್ರೂ ಕೈ ಕೇಳಂಗಿಲ್ಲ."

ಹಸನಸಾಬ ಓಣಿಯ ಕಡೆ ಮುಖ ಮಾಡಿ ನಿಂತಿದ್ದ. ಗುರುಸಿದ್ದವ್ವ ಆಕಳನ್ನು ನೋಡಿದಳು, ಸೊಸೆಯನ್ನು ನೋಡಿದಳು. ಹಸನಸಾಬನ ಕೈಯಿಂದ ಹಗ್ಗ ಕಸಿದುಕೊಂಡು ಗೂಟಕ್ಕೆ ಸುತ್ತಿದಳು.

ಮಧ್ಯಾಹ್ನ ಅವಳು ಮಣ್ಣಿಗೆ ಹೊಟ್ಟು ಕಲಸಿ ಕೆಳಗಿನ ಕುಳಿಯನ್ನು ತುಂಬಿ, ಅಂಗೈಯಿಂದ ಸವರಿ ನುಣುಪು ಮಾಡಿದಳು. ಇನ್ನೊಂದು ಉಂಡೆ ಹಿಡಿದು ಮೇಲಿನ ಕುಳಿಯ ಮುಂದೆ ನಿಂತಳು. ಉಗುರಿನ ಗೀರುಗಳ ಮೇಲೆ ಬೆರಳಾಡಿಸಿ, ಉಂಡೆಯನ್ನು ಮತ್ತೆ ಮಣ್ಣಿನ ಬುಟ್ಟಿಗೆ ಹಾಕಿ ಕೈ ತೊಳೆಯಲು ಹೋದಳು.