ಕೊಬ್ಬರಿ ಸುಟ್ಟ ಮೇಲೆ

ನನ್ನ ಎದೆಯೊಳಗೆ ನಾಲ್ಕು ಕೋಣೆಯ ಮನೆಯಿದೆ ಎಂದು ಮೊದಲು ಹೇಳಿದವಳು ಅಜ್ಜಿ ತಿಪ್ಪೇರುದ್ರಮ್ಮ. ಹುಟ್ಟುವಾಗಲೇ ಆ ಮನೆಯ ನಡುಗೋಡೆಯಲ್ಲಿ ತೂತಿತ್ತಂತೆ. ಅತ್ತರೆ ನನ್ನ ತುಟಿ ನೇರಳೆಹಣ್ಣು ತಿಂದಂತಾಗುತ್ತಿತ್ತಂತೆ. ಐದನೇ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ಆಪರೇಷನ್ ಆಯಿತು. "ಏಳು ಸಮುದ್ರದಾಚೆಯ ಗಾರೆಯವನು ಬಂದು ತೂತು ಮುಚ್ಚಿದ, ರಾಜಕುಮಾರಿ ಸುಖವಾಗಿದ್ಲು" ಎನ್ನುವಲ್ಲಿಗೆ ಅಜ್ಜಿಯ ಕತೆ ಮುಗಿಯುತ್ತಿತ್ತು.

ಮರುವರ್ಷ ನಾಯಕನಹಟ್ಟಿ ತಿಪ್ಪೇಸ್ವಾಮಿಯ ಜಾತ್ರೆಯಲ್ಲಿ ನನ್ನ ತೂಕದಷ್ಟು ಕೊಬ್ಬರಿ ಸುಟ್ಟು ಅಜ್ಜಿ ಹರಕೆ ತೀರಿಸಿದಳು. ಸುಟ್ಟ ಮೇಲೆ ಆ ಕಾಯಿಲೆಯ ಹೆಸರೆತ್ತಿದರೆ ತಿಪ್ಪೇಸ್ವಾಮಿಯನ್ನು ನಂಬಲಿಲ್ಲ ಎಂದಂತೆ. ವರ್ಷಕ್ಕೊಮ್ಮೆ ತೋರಿಸಿ ಎಂದಿದ್ದ ಡಾಕ್ಟರ ಮಾತು ಹಾಗೆಯೇ ಉಳಿದುಹೋಯಿತು.

ಇಪ್ಪತ್ತೆರಡು ತುಂಬಿದ ವರ್ಷ ಜ್ವರವೆಂದು ಚಳ್ಳಕೆರೆಯ ಡಾಕ್ಟರ ಬಳಿ ಹೋದೆ. ಎದೆಗೆ ಸ್ಟೆತಾಸ್ಕೋಪ್ ಇಟ್ಟವರು ಬಹಳ ಹೊತ್ತು ತೆಗೆಯಲಿಲ್ಲ. ಹೃದಯದ ಸ್ಕ್ಯಾನಿಂಗ್ ಮಾಡಿಸಿ ಎಂದು ದಾವಣಗೆರೆಗೆ ಬರೆದುಕೊಟ್ಟರು. ಬಳೆ ಇಡಿಸಿಕೊಂಡು ಬರುತ್ತೇವೆಂದು ಅಜ್ಜಿಗೆ ಸುಳ್ಳು ಹೇಳಿ ನಾನೂ ಅಪ್ಪನೂ ಹೊರಟೆವು.

"ತೂತು ಚೆನ್ನಾಗಿ ಮುಚ್ಚಿದೆ" ಎಂದರು ಅಲ್ಲಿನ ಡಾಕ್ಟರು. "ಆದರೆ ಶ್ವಾಸಕೋಶದ ಕಡೆಯ ವಾಲ್ವ್, ಅಂದ್ರೆ ಬಾಗಿಲು, ಸರಿಯಾಗಿ ಮುಚ್ಚಿಕೊಳ್ತಿಲ್ಲ. ಹೋದ ರಕ್ತ ಒಂದಿಷ್ಟು ವಾಪಸ್ ಬರುತ್ತೆ. ಅದಕ್ಕೆ ಬಲಗಡೆ ಕೋಣೆ ದೊಡ್ಡದಾಗಿದೆ."

"ಅಂದ್ರೆ ನನಗೆ ಕಾಯಿಲೆ ಐತಾ ಸರ್?"

"ಈಗ ಚೆನ್ನಾಗಿದೀರ."

"ಮತ್ತೆ ಔಷಧಿ?"

"ಸದ್ಯಕ್ಕೆ ಬೇಡ. ವರ್ಷ ವರ್ಷ ಬಂದು ತೋರಿಸಿ. ಕೋಣೆ ಇನ್ನೂ ದೊಡ್ಡದಾದರೆ ಹೊಸ ಬಾಗಿಲು ಹಾಕಬೇಕಾಗುತ್ತೆ."

"ಚೆನ್ನಾಗಿದ್ರೆ ಯಾಕೆ ಬರ್ಬೇಕ್ರಿ?" ಎಂದರು ಅಪ್ಪ.

"ಚೆನ್ನಾಗೇ ಇರ್ಲಿ ಅಂತ."

ಬಸ್ಸಿನಲ್ಲಿ ಎದೆಯ ಮೇಲೆ ಕೈಯಿಟ್ಟುಕೊಂಡು ಕೂತೆ. ನಿನ್ನೆಯದೇ ಬಡಿತ, ನೋವಿಲ್ಲ. ಆದರೂ ಒಳಗೆಲ್ಲೋ ಬಾಗಿಲೊಂದು ಗಾಳಿಗೆ ಬಡಿದುಕೊಳ್ಳುತ್ತಿದೆ ಅನಿಸಿತು. ನಾನು ವಾಸಿಯಾದವಳೋ, ಆಗಬೇಕಾದವಳೋ? ಕತೆಯ ರಾಜಕುಮಾರಿಗೆ ಇಂಥದ್ದೇನೂ ಆಗಿರಲಿಲ್ಲ.

ಅಜ್ಜಿ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು. ನನ್ನ ಕೈ ನೋಡಿದಳು.

"ಎಲ್ಲೇ ಹೊಸ ಬಳೆ? ದಾವಣಗೆರೇಲಿ ಬಳೆಗಾರ್ರೆಲ್ಲ ಸತ್ರಾ?"

ಅಪ್ಪ ಎಲ್ಲವನ್ನೂ ಹೇಳಿದರು. ಇನ್ನು ಮುಂದೆ ವರ್ಷ ವರ್ಷ ಆಸ್ಪತ್ರೆಗೆ ಹೋಗುವುದು ಅಜ್ಜಿಯ ಒಂದು ಮಾತಿನ ಮೇಲಿತ್ತು. ಅವಳನ್ನು ಮೀರಿ ಅಪ್ಪ ಯಾವತ್ತೂ ಹೆಜ್ಜೆ ಇಟ್ಟವರಲ್ಲ. ಅಜ್ಜಿ ಇನ್ನೊಂದು ಶೇಂಗಾ ಒಡೆದಳು.

"ಮುರುಗೇಂದ್ರ, ನಾನು ಕೊಬ್ಬರಿ ಸುಟ್ಟಿದ್ದು ಯಾತಕ್ಕೆ?"

"ತೂತಿಗೆ ಕಣವ್ವ."

"ತೂತು ಮುಚ್ಚೈತಾ?"

"ಮುಚ್ಚೈತಂತೆ."

"ಅಂದ್ಮೇಲೆ ಸ್ವಾಮಿ ತನ್ನ ಕೆಲಸ ಮಾಡ್ಯಾನೆ. ಬಾಗಿಲ ಸುದ್ದಿ ನಾನು ಅವನ ಮುಂದೆ ಎತ್ತೇ ಇಲ್ಲ. ಅದನ್ನ ಡಾಕ್ಟ್ರಿಗೆ ತೋರಿಸಿದ್ರೆ ಅವನಿಗ್ಯಾಕೆ ಸಿಟ್ಟು ಬರ್ತೈತೆ?"

ಅಪ್ಪ ಉಸಿರುಬಿಟ್ಟರು. ಅಜ್ಜಿ ನನ್ನತ್ತ ತಿರುಗಿದಳು. "ಈಗ ಹುಷಾರಿದೀಯ ತಾನೆ?"

ಹೌದೆನ್ನಲು ಬಾಯಿ ತೆರೆದೆ, ಅದು ಪೂರ್ತಿ ನಿಜವಲ್ಲ ಅನಿಸಿತು. ಇಲ್ಲವೆನ್ನುವುದೂ ಸುಳ್ಳಾಗುತ್ತಿತ್ತು. "ಗೊತ್ತಿಲ್ಲಜ್ಜಿ" ಎಂದೆ.

ಅವಳು ಬೊಗಸೆ ಶೇಂಗಾಬೀಜ ನನ್ನ ಮಡಿಲಿಗೆ ಹಾಕಿದಳು.

"ತಿನ್ನು. ಮುಂದಿನ ವರ್ಷ ಹೋದಾಗ ಬಳೆ ಇಡಿಸ್ಕೊಂಡೇ ಬಾ."